ಏಳು ಯೂನಿಟ್ಟಿನ ಮನೆ

ಎರಡು ತಿಂಗಳಿಗೊಮ್ಮೆ ಊರಿನ ಮನೆಯ ಕರೆಂಟು ಬಿಲ್ಲು ನನ್ನ ಮೊಬೈಲಿಗೆ ಬರುತ್ತದೆ. ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲದಿಂದ ಸ್ವರ್ಗ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡ ಇಳಿದು ತೋಟ ಸೇರುವಲ್ಲಿ. ನಾನು ಇರುವುದು ಮಂಗಳೂರಿನ ಫ್ಲ್ಯಾಟಿನಲ್ಲಿ, ಅಮ್ಮನ ಜೊತೆ. ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ ಬಂದ ಬಿಲ್ಲಿನಲ್ಲಿ 7 ಯೂನಿಟ್ ಎಂದಿತ್ತು. ಅಲಸಂಡೆಯ ನಾರು ತೆಗೆಯುತ್ತಾ ಕುಳಿತಿದ್ದ ಅಮ್ಮ ಎಷ್ಟು ಬಂತು ಎಂದು ಕೇಳಿದಳು. ಹೇಳಿದೆ. ಅವಳ ಕೈ ನಿಂತಿತು. “ದುಡ್ಡು ಕೇಳಿದ್ದಲ್ಲ, ಯೂನಿಟ್ ಎಷ್ಟು?” ಎಂದಳು. ನಾನು ಹೇಳಿದ್ದೂ ಯೂನಿಟ್ಟೇ. ಅಮ್ಮ ಮತ್ತೇನೂ ಮಾತಾಡಲಿಲ್ಲ. ಮನೆ ತುಂಬ ಜನ ಇದ್ದ ಕಾಲದಲ್ಲಿ ಏಳು ಯೂನಿಟ್ ಎರಡು ದಿನಕ್ಕೂ ಸಾಲುತ್ತಿರಲಿಲ್ಲ.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಒಂಬತ್ತು ವಾಟಿನ ಒಂದು ಎಲ್‌ಇಡಿ ಬಲ್ಬು ದಿನಕ್ಕೆ ಹನ್ನೆರಡು ಗಂಟೆಯಂತೆ ಅರುವತ್ತು ದಿನ ಉರಿದರೆ ಹೆಚ್ಚುಕಡಿಮೆ ಆರೂವರೆ ಯೂನಿಟ್. ಅದು ಜಗಲಿಯ ಬಲ್ಬು. ಸಂಜೆ ಅದನ್ನು ಹಾಕಿ ಬೆಳಿಗ್ಗೆ ಆರಿಸುವವರು ತೋಟದಾಚೆಯ ಮನೆಯವರು, ನಾವು ಅಕ್ಕ ಎಂದು ಕರೆಯುವವರು. ಉಳಿದ ಅರ್ಧ ಯೂನಿಟ್ ಅವರು ಒಳಗೆ ಗುಡಿಸುವಾಗ, ದೇವರ ಮುಂದೆ ದೀಪ ಇಡುವಾಗ ಹಾಕಿದ್ದಿರಬೇಕು. ಅಜ್ಜ 1948ರಲ್ಲಿ ಕಟ್ಟಿಸಿದ ಮನೆ, ಹನ್ನೊಂದು ಹೆರಿಗೆ, ನಾಲ್ಕು ಮದುವೆ, ಲೆಕ್ಕವಿಲ್ಲದಷ್ಟು ಊಟ ಕಂಡ ಮನೆ, ಎರಡು ತಿಂಗಳು ಉಸಿರಾಡಿದ್ದು ಅಷ್ಟು. ಆ ಸಂಖ್ಯೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಯಾವುದು ಎರಡನೆಯದು

‘ಎರಡನೇ ಮನೆ’ ಎಂದರೆ ಪತ್ರಿಕೆಗಳ ಜಾಹೀರಾತಿನಲ್ಲಿ ಸಕಲೇಶಪುರದ ಬೆಟ್ಟದಲ್ಲೋ ಕೊಡಗಿನ ಕಾಫಿ ತೋಟದ ಬದಿಯಲ್ಲೋ ಬೆಂಗಳೂರಿನವರು ಕಟ್ಟಿಸಿಕೊಳ್ಳುವ ಮನೆ. ವಾರದ ಕೊನೆಗೆ ಹೋಗಿ ಬರುವುದು, ಉಳಿದ ದಿನ ಕಾವಲುಗಾರನ ಕೈಗೆ ಬಿಡುವುದು. ಕಾಸರಗೋಡಿನ ಕನ್ನಡ ಮನೆತನಗಳಿಗೆ ಎರಡನೇ ಮನೆ ಬಂದ ದಾರಿಯೇ ಬೇರೆ. ಸಾಲ ಮಾಡಿ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಮನೆ ಕೊಂಡೆವು, ಮಕ್ಕಳ ಶಾಲೆ ಹತ್ತಿರವಾಯಿತು, ಆಸ್ಪತ್ರೆ ಹತ್ತಿರವಾಯಿತು. ಹುಟ್ಟಿದ ಮನೆ ತಾನಾಗಿ ಎರಡನೆಯದಾಯಿತು. ಇಂತಹ ದಿನದಿಂದ ಎಂದು ಯಾರೂ ಹೇಳಲಾರರು. ನಮ್ಮ ಮಟ್ಟಿಗೆ ಅದು ಅಪ್ಪ ತೀರಿಕೊಂಡ ದಿನವೂ ಅಲ್ಲ. ಆಮೇಲೆ ಐದು ವರ್ಷ ಅಮ್ಮ ಒಬ್ಬಳೇ ಅಲ್ಲಿದ್ದಳು. 2019ರ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಎರಡು ಗಂಟೆ ಎದ್ದೇಳಲಾಗದೆ ಇದ್ದ ಮೇಲೆ ಅವಳನ್ನು ಕರೆದುಕೊಂಡು ಬಂದೆ. ಹೊರಡುವಾಗ ಹಂಡೆಯನ್ನು ಮಗುಚಿ ಇಟ್ಟು ಬಂದಿದ್ದಳು, ಹತ್ತು ದಿನಕ್ಕೆ ಹೊರಟವಳ ಹಾಗೆ.

ನಮ್ಮ ಬಂಧುಗಳಲ್ಲಿ ಎರಡು ಮನೆ ಇಲ್ಲದ ಕುಟುಂಬವನ್ನು ಹುಡುಕಿ ತೆಗೆಯಬೇಕು. ಊರಿನಲ್ಲಿ ಒಬ್ಬ ಚಿಕ್ಕಪ್ಪ, ಬೆಂಗಳೂರಿನಲ್ಲಿ ಅವರ ಮಗ. ಬೇಸಗೆ ರಜೆಗೆ ಎಂಟು ದಿನ, ನಾಗನ ತಂಬಿಲದ ಪೂಜೆಗೆ ಎರಡು ದಿನ. ತೋಟ ಇರುವವರೆಗೆ ಮನೆ ಇರುತ್ತದೆ, ಅಡಿಕೆಗೆ ಮದ್ದು ಬಿಡುವವರು, ಅಡಿಕೆ ಕೊಯ್ಯುವವರು ಬಂದು ಹೋಗುತ್ತಾರೆ. ಆದರೆ ಜನ ಬಂದುಹೋಗುವುದು ಬೇರೆ, ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದು ಬೇರೆ. ಕರಾವಳಿಗೆ ಇಳಿದರೆ ಉಪ್ಪಳ, ಕುಂಬಳೆಯ ಕಡೆ ಗಲ್ಫಿನ ದುಡ್ಡಿನ ಮನೆಗಳಿವೆ. ಎರಡು ಅಂತಸ್ತು, ಗ್ರಾನೈಟಿನ ಮೆಟ್ಟಿಲು, ಒಳಗೆ ಒಬ್ಬ ಮುದುಕಿ, ಕೆಲವೊಮ್ಮೆ ಅವಳೂ ಇಲ್ಲ. ಕಟ್ಟಿಸಿದವನು ದುಬೈಯಲ್ಲಿ ಒಂದು ಕೋಣೆಯನ್ನು ಆರೇಳು ಜನರ ಜೊತೆ ಹಂಚಿಕೊಂಡಿರುತ್ತಾನೆ. ಅವನನ್ನು ಕೇಳಿದರೆ ಊರಿನ ಮನೆಯೇ ಅವನ ಮನೆ, ಮಲಗುವ ಮಂಚ ಬರೀ ಮಂಚ. ಇಬ್ಬರ ಬೀಗವೂ ಒಂದೇ ತರಹದ್ದು, ಆದರೆ ಅವನು ಮರಳುವುದಕ್ಕಾಗಿ ಕಟ್ಟಿದ, ನಾವು ಹೊರಟು ಬಂದು ಉಳಿಸಿಕೊಂಡೆವು. ಈ ವ್ಯತ್ಯಾಸವನ್ನು ಯಾವ ಲೆಕ್ಕವೂ ಹಿಡಿಯುವುದಿಲ್ಲ. 2011ರ ಜನಗಣತಿಯಲ್ಲಿ ಕೇರಳದಲ್ಲಿ ಖಾಲಿ ಎಂದು ಬರೆದುಕೊಂಡ ಮನೆ, ಕಟ್ಟಡಗಳು 11 ಲಕ್ಷಕ್ಕೂ ಹೆಚ್ಚು. ಅವನ ಮನೆಯೂ ನಮ್ಮಂಥವರ ಮನೆಯೂ ಅದೇ ಪಟ್ಟಿಗೆ ಸೇರುತ್ತವೆ.

2023ರ ಫೆಬ್ರವರಿಯ ಬಜೆಟ್ಟಿನಲ್ಲಿ ಕೇರಳದ ಆಗಿನ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಅವರು ಮುಚ್ಚಿಕೊಂಡಿರುವ ಮನೆಗಳಿಗೂ ಒಬ್ಬರ ಹೆಸರಿನಲ್ಲೇ ಇರುವ ಹಲವು ಮನೆಗಳಿಗೂ ತೆರಿಗೆ ಹಾಕುವ ಮಾತಾಡಿದರು. ಗದ್ದಲವೆದ್ದಿತು, ಹೊರದೇಶದಲ್ಲಿರುವವರ ಸಿಟ್ಟೇ ದೊಡ್ಡದಾಗಿತ್ತು, ವಾರ ಕಳೆಯುವಷ್ಟರಲ್ಲಿ ಮುಚ್ಚಿದ ಮನೆಯ ತೆರಿಗೆಯನ್ನು ಕೈಬಿಟ್ಟರು. ಆಗ ನನ್ನ ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ “ಬದುಕಿದೆವು” ಎಂದ. ನಾನೂ ಹೂಂ ಎಂದೆ. ಆದರೆ ಮನಸ್ಸಿನೊಳಗೆ ಒಂದು ಮುಳ್ಳು ಹಾಗೇ ಉಳಿಯಿತು. ಸರಕಾರ ಕೇಳಿದ್ದು ದುಡ್ಡನ್ನು, ನಿಜ. ಅದರ ಹಿಂದೆ ಒಂದು ಪ್ರಶ್ನೆಯೂ ಇತ್ತು: ಮನೆ ಇಲ್ಲದವರು ಇರುವ ಊರಿನಲ್ಲಿ ನಿಮ್ಮ ಮನೆ ಏಕೆ ಖಾಲಿ ಇದೆ? ತೆರಿಗೆ ಹೋಯಿತು. ಪ್ರಶ್ನೆ ಹೋಗಲಿಲ್ಲ.

ಕಾನೂನುಗಳು ಈ ವಿಷಯದಲ್ಲಿ ಹೇಳುವುದನ್ನು ಓದುತ್ತಾ ಹೋದಾಗ ಎರಡು ಕಡೆ ನಾನು ನಿಂತೆ. ಮೊದಲನೆಯದು ಆದಾಯ ತೆರಿಗೆ. ಸ್ವಂತ ವಾಸಕ್ಕೆಂದು ಒಂದೇ ಮನೆಯನ್ನು ಬಿಡುತ್ತಿದ್ದ ಕಾಲದಲ್ಲಿ ಎರಡನೇ ಮನೆ ಬೀಗ ಹಾಕಿಕೊಂಡಿದ್ದರೂ ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಆದಾಯವೆಂದು ಹಿಡಿಯುತ್ತಿದ್ದರು. 2019ರ ಬಜೆಟ್ಟಿನ ಬಳಿಕ ಎರಡು ಮನೆಗಳಿಗೆ ಆ ವಿನಾಯಿತಿ ಸಿಕ್ಕಿತು. ಬಾರದ ಬಾಡಿಗೆಗೆ ತೆರಿಗೆ ಕಟ್ಟಿಸುವುದು ಅನ್ಯಾಯವೆಂದೇ ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಆ ಹಳೆಯ ನಿಯಮಕ್ಕೆ ಒಂದು ಕಲ್ಪನೆ ಇತ್ತು, ಖಾಲಿ ಮನೆಯೊಳಗೆ ಯಾರೋ ಇರಬಹುದಿತ್ತು ಎಂಬ ಕಲ್ಪನೆ. ಎರಡನೆಯದು 1950ರ ಜನಪ್ರತಿನಿಧಿ ಕಾಯಿದೆಯ 20ನೇ ಸೆಕ್ಷನ್ನು. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಅಲ್ಲಿಯ ಸಾಮಾನ್ಯ ನಿವಾಸಿ ಎಂದು ಎಣಿಸತಕ್ಕದ್ದಲ್ಲ ಎಂದು ಅದು ಹೇಳುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ನಿವಾಸಿ ಅಲ್ಲವೆಂದೂ ಎಣಿಸಬಾರದು ಎಂದು ಅಲ್ಲೇ ಮುಂದೆ ಇದೆ. ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎರಡನೆಯ ವಾಕ್ಯವನ್ನು ಮಾತ್ರ ಹಿಡಿದುಕೊಂಡಳು. “ತಾತ್ಕಾಲಿಕ ಎಂದರೆ ಎಷ್ಟು ವರ್ಷದವರೆಗೆ?” ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಉಬ್ಬಿದ ಬಾಗಿಲು

ಏಳು ಯೂನಿಟ್ಟಿನ ಬಿಲ್ಲು ಬಂದ ಮುಂದಿನ ಮಳೆಗಾಲದ ಆಟಿ ತಿಂಗಳಲ್ಲಿ ನಾವು ಊರಿಗೆ ಹೋದೆವು. ಅಕ್ಕ ಬೀಗ ತೆಗೆದರು, ಬಾಗಿಲು ತೆರೆಯಲಿಲ್ಲ. ಹಲಸಿನ ಮರದ ಬಾಗಿಲು ಮಳೆಗೆ ನೀರು ಕುಡಿದು ದಾರಂದದೊಳಗೆ ಬಿಗಿದುಕೊಂಡಿತ್ತು. ಹಿಂದಿನ ಬಾಗಿಲಿನಿಂದಲೇ ಒಂದು ವಾರದಿಂದ ಓಡಾಡುತ್ತಿದ್ದೇನೆ ಎಂದರು ಅಕ್ಕ, ತಪ್ಪು ತಮ್ಮದೇ ಎಂಬ ಹಾಗೆ. ನಾನೂ ಅವರೂ ಭುಜ ಕೊಟ್ಟು ತಳ್ಳಿದೆವು. ಒಳಗಿನಿಂದ ಬಂದ ಗಾಳಿ ತಣ್ಣಗಿತ್ತು. ಹಳೆಯ ಅಡಿಕೆಗೋಣಿ, ಬಾವಲಿ, ನೆನೆದ ಸುಣ್ಣ ಎಲ್ಲ ಸೇರಿದ ವಾಸನೆ. ಚಾವಡಿಯ ನೆಲದಲ್ಲಿ ಕನ್ನಡಿ ಹಂಚಿನ ಕೆಳಗೆ ಒಂದು ಪಾತ್ರೆ ಇತ್ತು, ಅಕ್ಕ ಇಟ್ಟದ್ದು, ಮುಕ್ಕಾಲು ತುಂಬಿತ್ತು.

ಅಮ್ಮ ನೇರ ಅಡಿಗೆಮನೆಗೆ ಹೋಗುತ್ತಾಳೆಂದುಕೊಂಡಿದ್ದೆ. ಹೋಗಲಿಲ್ಲ. ಭತ್ತ ತುಂಬಿಡುವ ಪತ್ತಾಯದ ಪಕ್ಕದ ಗೋಡೆಯ ಬಳಿ ನಿಂತು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಕೈ ತೆಗೆದಾಗ ಅಂಗೈಗೆ ಸುಣ್ಣದ ಪುಡಿ ಹತ್ತಿತ್ತು. ಅವಳು ಕೈಯಿಟ್ಟಿದ್ದ ಜಾಗದ ಮೇಲೆ, ಸುಮಾರು ನನ್ನ ಎದೆಯ ಎತ್ತರದಿಂದ, ಬೆರಳಿನ ದಪ್ಪದ ಒಂದು ಮಣ್ಣಿನ ಗೆರೆ ಸೂರಿನವರೆಗೆ ಏರಿತ್ತು. ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಳೆ. ಉಗುರಿನಿಂದ ಕೆರೆದರೆ ಒಳಗೆ ಬಿಳಿಯ ಹುಳಗಳು ಅವಸರವಿಲ್ಲದೆ ಹೋಗುತ್ತಿದ್ದವು. ಗೆರೆ ಮುಟ್ಟಿದ ಪಕ್ಕಾಸನ್ನು, ಹಂಚು ಹೊರುವ ಮರವನ್ನು, ಕೋಲಿನಿಂದ ತಟ್ಟಿದೆ. ಪೊಳ್ಳು ಸದ್ದು ಬಂತು. ಹೊರಗಿನಿಂದ ಮರ ಮರದ ಹಾಗೆಯೇ ಇತ್ತು.

ಮನೆಗೆ ಒಲೆಯ ಹೊಗೆ ಬೇಕು. ನಮ್ಮ ಹಂಚಿನ ಮಾಡುಗಳು ಒಂದು ಲೆಕ್ಕದಲ್ಲಿ ಹೊಗೆಯಿಂದಲೇ ನಿಂತವು. ಬಚ್ಚಲಿನ ಒಲೆಗೆ ಸೋಗೆ, ಮಡಲು ಹಾಕಿ ಉರಿ ಮಾಡುತ್ತಿದ್ದಾಗ ಸೂರಿನ ಮರಗಳೆಲ್ಲ ಕಪ್ಪು ಹಿಡಿದು ಒಣಗಿರುತ್ತಿದ್ದವು, ಹುಳ ಹತ್ತುತ್ತಿರಲಿಲ್ಲ. ಸರಿಯುವ ಹಂಚನ್ನು ಅದೇ ದಿನ ಯಾರಾದರೂ ಹತ್ತಿ ಕೂರಿಸುತ್ತಿದ್ದರು. ಜನ ಇರುವ ಮನೆಯಲ್ಲಿ ದುರಸ್ತಿ ಎಂಬುದು ದಿನವೂ ಗೊತ್ತಾಗದ ಹಾಗೆ ನಡೆಯುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದೆಲ್ಲ ಕೂಡಿ ಕೂಡಿ ಒಂದು ದಿನ ಆಚಾರಿಯ ಬಾಯಿಂದ ಬರುತ್ತದೆ: 6 ಲಕ್ಷ. ತಮ್ಮನಿಗೆ ಹೇಳಿದರೆ “ಅಷ್ಟು ಹಾಕಿ ಯಾರಿಗಾಗಿ?” ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದು ಸರಿಯಾದ ಪ್ರಶ್ನೆ.

ಮಾಸ್ತರು ಕೇಳಿದ್ದು

ಆ ಪ್ರಶ್ನೆಗೆ ಒಂದು ಉತ್ತರ ನಮ್ಮ ಬಾಗಿಲಿಗೇ ಬಂದಿತ್ತು, ನಾವು ಕಳುಹಿಸಿಬಿಟ್ಟಿದ್ದೆವು. ಇದನ್ನು ಬರೆಯುವುದಕ್ಕಾಗಿಯೇ ಇಷ್ಟು ದೂರ ಬಂದೆ.

ಹತ್ತಿರದ ಕನ್ನಡ ಶಾಲೆಗೆ ಒಬ್ಬ ಮಾಸ್ತರು ಬಂದಿದ್ದರು. ಮಂಜೇಶ್ವರದ ಕಡೆಯವರು, ಹೆಂಡತಿ, ಮೂರು ವರ್ಷದ ಹುಡುಗಿ. ಹಳ್ಳಿಯಲ್ಲಿ ಬಾಡಿಗೆಗೆ ಮನೆ ಎಂಬುದೇ ಇರುವುದಿಲ್ಲ. ಒಂದೋ ಸ್ವಂತದ ಮನೆ, ಇಲ್ಲವೇ ಬೀಗ ಹಾಕಿದ ಮನೆ. ಅಕ್ಕನ ಮೂಲಕ ನಮ್ಮ ನಂಬರು ತೆಗೆದುಕೊಂಡು ಒಂದು ಭಾನುವಾರ ಮಂಗಳೂರಿಗೇ ಬಂದರು. ಎರಡು ಕೋಣೆ ಮತ್ತು ಅಡಿಗೆಮನೆ ಸಾಕು, ಮೇಲಿನ ಅಟ್ಟ, ದೇವರ ಕೋಣೆ ನೀವೇ ಮುಚ್ಚಿಟ್ಟುಕೊಳ್ಳಿ ಎಂದರು. ಮಗು ನಮ್ಮ ಬಾಲ್ಕನಿಯ ತುಳಸಿಯಿಂದ ಒಂದೊಂದೇ ಎಲೆ ಕಿತ್ತು ತಾಯಿಯ ಕೈಗೆ ಕೊಡುತ್ತಿತ್ತು. ಹೊರಡುವಾಗ ಅವರ ಹೆಂಡತಿ ಅಮ್ಮನಿಗೆ ಹೇಳಿದರು: “ಸಂಜೆಯ ದೀಪ ನಾನೇ ಇಡುತ್ತೇನೆ ಅಮ್ಮಾ, ಅದರ ಚಿಂತೆ ಬೇಡ.”

ಯೋಚಿಸಿ ಹೇಳುತ್ತೇವೆ ಎಂದೆವು. ತಮ್ಮನ ಜೊತೆ ಮಾತಾಡಿದೆವು. ಕಾರಣಗಳು ಸಾಲಾಗಿ ಬಂದವು: ಪಾಲು ಇನ್ನೂ ಆಗಿಲ್ಲ, ನಾಗನ ಕಟ್ಟೆ ಇದೆ, ಶುದ್ಧ ಮುಟ್ಟುಚಟ್ಟು ಅವರು ನೋಡುತ್ತಾರೋ ಇಲ್ಲವೋ, ಒಮ್ಮೆ ಕೂತವರು ಏಳದಿದ್ದರೆ? ಕೊನೆಯದೇ ನಿಜವಾದ ಕಾರಣ. ಅದು ನಮ್ಮ ಕಾಲದ ಹೆದರಿಕೆ ಅಲ್ಲ, ಅಪ್ಪನ ಕಾಲದ್ದು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು. ಉತ್ತವರಿಗೆ ಹೊಲ ಹೋಯಿತು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕುಡಿಕಿಡಪ್ಪುದಾರರಿಗೆ ಪಂಚಾಯತಿನ ಊರುಗಳಲ್ಲಿ 10 ಸೆಂಟ್ಸ್ ಜಾಗವನ್ನು ಕೊಂಡುಕೊಳ್ಳುವ ಹಕ್ಕು ಸಿಕ್ಕಿತು. ‘ಇರಲು ಬಿಟ್ಟವನು ಕಳೆದುಕೊಂಡ’ ಎಂಬ ಮಾತು ನಮ್ಮ ಮನೆಯ ಚಿಟ್ಟೆಯ, ಎಂದರೆ ಜಗಲಿಕಟ್ಟೆಯ, ಮೇಲೆ ಕುಳಿತು ಎಲೆ ಹಾಕುತ್ತಿದ್ದ ಹಿರಿಯರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ. ಮಾಸ್ತರಿಗೆ ನಾವು ಇಲ್ಲ ಎಂದೂ ಹೇಳಲಿಲ್ಲ. ಎರಡು ಸಲ ಅವರು ಫೋನ್ ಮಾಡಿದರು, ಮೂರನೆಯ ಸಲ ಮಾಡಲಿಲ್ಲ. ಬದಿಯಡ್ಕದಲ್ಲಿ ಒಂದು ಅಂಗಡಿ ಕಟ್ಟಡದ ಮಹಡಿಯಲ್ಲಿ ಕೋಣೆ ಸಿಕ್ಕಿತು, ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಾರೆ ಎಂದು ಆಮೇಲೆ ಅಕ್ಕ ಹೇಳಿದರು. ಅವರು ಕೇಳಿದ್ದ ಎರಡು ಕೋಣೆಗಳಲ್ಲಿ ಒಂದರ ಸೂರಿಗೇ ಒರಳೆ ಹಿಡಿದದ್ದು. ಅವರು ಅಲ್ಲಿದ್ದು ಒಲೆ ಹಚ್ಚಿದ್ದರೆ ಹಿಡಿಯುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಇನ್ನು ಆ ಹತ್ತು ಸೆಂಟ್ಸಿನ ಮಾತು. ತೋಟದಾಚೆಯ ಅಕ್ಕನ ಮನೆ ನಿಂತಿರುವುದು ಅದರ ಮೇಲೆಯೇ. ಅವರ ಮಾವ ನಮ್ಮ ಅಜ್ಜನ ತೋಟದಲ್ಲಿ ದುಡಿದವರು, ಗುಡ್ಡದ ಬದಿಯ ಮುಳಿಹುಲ್ಲಿನ ಗುಡಿಸಲಿನಲ್ಲಿದ್ದವರು. ಕಾನೂನು ಬಂದಾಗ ಆ ಜಾಗ ಅವರದಾಯಿತು. ಅಜ್ಜ ಕೆಲವು ವರ್ಷ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರಂತೆ. ಇವತ್ತು ನಾನು ಸ್ಪಷ್ಟವಾಗಿ ಹೇಳಬಲ್ಲೆ, ಆ ಕಾನೂನು ಮಾಡಿದ್ದು ಸರಿ. ಅದಿಲ್ಲದಿದ್ದರೆ ಆ ಗುಡ್ಡದ ಬದಿಯೂ ಇವತ್ತು ನಮ್ಮ ಹೆಸರಿನಲ್ಲಿ ಕಾಡು ಬೆಳೆದು ಬಿದ್ದಿರುತ್ತಿತ್ತು. ಗುಡಿಸಲಿನ ಜಾಗದಲ್ಲಿ ಮಣ್ಣಿನ ಗೋಡೆಯ ಮನೆ ಬಂತು, ಅದು ಕುಸಿಯತೊಡಗಿದಾಗ ಅಕ್ಕನ ಹೆಸರು ಮನೆ ಕಟ್ಟಿಕೊಳ್ಳಲು ನೆರವು ಕೊಡುವ ಸರಕಾರದ ಲೈಫ್ ಯೋಜನೆಯ ಪಟ್ಟಿಗೆ ಬಂತು. 4 ಲಕ್ಷ ರೂಪಾಯಿ, ಕಂತು ಕಂತಾಗಿ. ಗಂಡ ಹೆಂಡತಿ ತಾವೇ ಕಲ್ಲು ಹೊತ್ತು, ಬೀಡಿ ಕಟ್ಟಿ ಕೂಡಿಟ್ಟದ್ದನ್ನು ಸೇರಿಸಿ ಸುಮಾರು ನಾನ್ನೂರು ಚದರ ಅಡಿಯ ಮನೆ ಮುಗಿಸಿದರು. ನಾಲ್ಕು ಜನ ಅದರಲ್ಲಿದ್ದಾರೆ. ನಮ್ಮ ಮಾಡಿನ ದುರಸ್ತಿಗೆ ಬೇಕಾದ ಹಣಕ್ಕಿಂತ ಕಡಿಮೆಯಲ್ಲಿ ಒಂದು ಕುಟುಂಬಕ್ಕೆ ಜೀವನದ ಮೊದಲ ಗಟ್ಟಿ ಮನೆ ಆಯಿತು. ಆ ಮನೆಯ ಗೋಡೆಯ ಮೊಳೆಗೆ ನಮ್ಮ ಎರಡನೇ ಮನೆಯ ಬೀಗದ ಕೈ ತೂಗುತ್ತಿದೆ.

ಗಡಿ ಮುಚ್ಚಿದಾಗ

2020ರ ಮಾರ್ಚ್ ಕೊನೆಯಲ್ಲಿ, ಕೊರೋನಾದ ಹೊತ್ತಿಗೆ, ಕರ್ನಾಟಕವು ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಿತು, ಕೆಲವು ಕಡೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿ ಜೀವ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಆ ತಡೆಗಳನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಹೇಳಬೇಕಾಯಿತು. ಆ ದುಃಖದ ಮುಂದೆ ನಮ್ಮದು ಏನೂ ಅಲ್ಲ. ಆದರೂ, 1956ರ ನವೆಂಬರ್ 1ರಂದು ಎರಡು ರಾಜ್ಯಗಳ ನಡುವೆ ಎಳೆದ ಗೆರೆ ಒಂದೂವರೆ ಗಂಟೆಯ ದಾರಿಯಲ್ಲಿ ಗೋಡೆಯಾಗಿ ಎದ್ದು ನಿಲ್ಲಬಹುದು ಎಂದು ನಾವು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಗಡಿಯ ಸಾರಡ್ಕ ದಾಟಿ ಹೋಗುವ ಹಾಗಿರಲಿಲ್ಲ.

ಏಪ್ರಿಲಿನ ಗುಡುಗು ಮಳೆ ಶುರುವಾಗುವ ಮೊದಲೇ ಅಕ್ಕ, ಅವರ ಗಂಡ, ಮಗಳು ಮೂವರೇ ಅಡಿಕೆಯನ್ನು ಬಾಚಿ ಗೋಣಿಗೆ ತುಂಬಿ ಚಾವಡಿಗೆ ಹಾಕಿದರು. ನಾವು ಹೇಳಿರಲಿಲ್ಲ. ಅಮ್ಮ ದಿನವೂ ಸಂಜೆ ಫೋನ್ ಮಾಡುತ್ತಿದ್ದಳು. ಒಂದು ದಿನ ಸುರಂಗದ ನೀರು ಹೇಗಿದೆ ಎಂದು ಕೇಳಿದಳು. ನಮ್ಮ ಸುರಂಗ ಮನೆಯ ಹಿಂದಿನ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು, ಒಬ್ಬರು ನಡೆದು ಹೋಗುವಷ್ಟು ಅಗಲ, ಪಂಪಿಲ್ಲ ಏನಿಲ್ಲ, ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ. “ಇದೆ ಅಮ್ಮಾ, ಸಣ್ಣಗಾಗಿದೆ,” ಎಂದರು ಅಕ್ಕ. ಎಷ್ಟು ಸಣ್ಣಗೆ ಎಂದು ಅಮ್ಮ ಕೇಳಿದಳು. ಅಕ್ಕ ಉತ್ತರ ಹೇಳಲಿಲ್ಲ. ಅವರ ಚಪ್ಪಲಿಯ ಸದ್ದು, ತರಗೆಲೆಯ ಸದ್ದು ಕೇಳಿತು, ಆಮೇಲೆ ಫೋನಿನಲ್ಲಿ ನೀರು ಬೀಳುವ ಸದ್ದು. ತೊಟ್ಟಿಯ ಬಳಿ ಫೋನ್ ಹಿಡಿದು ನಿಂತಿದ್ದರು. ಅಮ್ಮ ಕಣ್ಣು ಮುಚ್ಚಿ ಕೇಳಿದಳು, ಎರಡು ನಿಮಿಷವಾದರೂ ಇರಬಹುದು. “ಹೆಬ್ಬೆರಳಿನಷ್ಟು ಬರುತ್ತಿದೆ, ವೈಶಾಖಕ್ಕೆ ಸಾಕು,” ಎಂದಳು. ಸದ್ದಿನಿಂದಲೇ ಅಳೆದಿದ್ದಳು. ಆ ಮನೆಗೆ ಆ ತಿಂಗಳುಗಳಲ್ಲಿ ಒಡೆಯರೆಂದು ಯಾರಾದರೂ ಇದ್ದಿದ್ದರೆ ಅದು ಅಕ್ಕನೇ. ಪಂಚಾಯತಿಗೆ ಕಟ್ಟಿದ ತೆರಿಗೆಯ ರಶೀದಿಯಲ್ಲಿ ಇರುವುದು ಮಾತ್ರ ನನ್ನ ಅಪ್ಪನ ಹೆಸರು, ಅವರು ಸತ್ತು ಇಷ್ಟು ವರ್ಷವಾದರೂ.

ಎರಡು ಮನೆ ಇರುವ ಕುಟುಂಬದಲ್ಲಿ ಯಾರು ಯಾರು ಇದ್ದಾರೆ ಎಂದು ಎಣಿಸುವಾಗ ನಾವು ಬೀಗದ ಕೈ ಇಟ್ಟುಕೊಂಡವರನ್ನು ಬಿಡುತ್ತೇವೆ. ಅವರಿಗೆ ತಿಂಗಳಿಗಿಷ್ಟು ಎಂದು ಕೊಡುತ್ತೇವೆ, ದೀಪಾವಳಿಗೆ ಸೀರೆ ಕೊಡುತ್ತೇವೆ, ಅಷ್ಟಕ್ಕೆ ಲೆಕ್ಕ ಮುಗಿಯಿತು ಅನ್ನಿಸುತ್ತದೆ. ನನಗೆ ಈಗ ಹಾಗೆ ಅನ್ನಿಸುವುದಿಲ್ಲ.

ಕಳೆದ ಮಕರ ಸಂಕ್ರಮಣದ ಹೊತ್ತಿಗೆ ಅಕ್ಕನ ಮಗಳು ಫೋನ್ ಮಾಡಿದಳು. ಕನ್ನಡ ಎಂ.ಎ. ಮುಗಿಸಿ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಮನೆಯಲ್ಲಿ ತಮ್ಮನ ಟಿವಿ, ಬೀಡಿಯ ಮೊರ, ಬಂದುಹೋಗುವವರು. ಓದಲು ಮೂಲೆ ಇಲ್ಲ. ನಿಮ್ಮ ಚಾವಡಿಯಲ್ಲಿ ಸಂಜೆ ಕೂತು ಓದಿಕೊಳ್ಳಬಹುದೇ ಎಂದು ಕೇಳಿದಳು. ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಈ ಸಲ ನಾವು ಯೋಚಿಸಿ ಹೇಳುತ್ತೇವೆ ಎನ್ನಲಿಲ್ಲ. ಚಾವಡಿಯಲ್ಲಿ ಸೆಕೆ, ತೆಂಕು ಬದಿಯ ಕೋಣೆಯಲ್ಲಿ ಕೂತುಕೋ, ಫ್ಯಾನಿದೆ, ಬೇಕಾದರೆ ಗೆಳತಿಯರನ್ನೂ ಕರೆದುಕೋ, ರಾತ್ರಿ ಅಲ್ಲೇ ಮಲಗುವುದಾದರೆ ಮಲಗು, ಒಲೆ ಹಚ್ಚಿ ಕಾಫಿ ಮಾಡಿಕೋ ಎಂದು ಅಮ್ಮ ಒಂದೇ ಉಸಿರಿಗೆ ಹೇಳಿದಳು. ತಮ್ಮನಿಗೆ ಮಾರನೆಯ ದಿನ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತೆಂಕು ಕೋಣೆಯ ಸ್ವಿಚ್ಚು ಹಳೆಯದು, ಬದಲಿಸಲು ಹೇಳು ಎಂದ. ಮಾಡಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಒರಳೆ ಹಿಡಿದ ನಾಲ್ಕು ಪಕ್ಕಾಸುಗಳನ್ನು ಮಾತ್ರ ಬದಲಿಸಿದ್ದೇವೆ.

ಮೊನ್ನೆ ಬಿಲ್ಲು ಬಂತು. ಮೂರು ಹುಡುಗಿಯರು ಓದುತ್ತಾರೆ ಈಗ. ಅಮ್ಮ ಎಂದಿನಂತೆ ಯೂನಿಟ್ ಎಷ್ಟು ಎಂದು ಕೇಳಿದಳು. 58 ಎಂದೆ. ಇನ್ನೊಮ್ಮೆ ಓದಲು ಹೇಳಿದಳು, ಓದಿದೆ.